ಶ್ರೇಷ್ಠರ ಪಟ್ಟಿಯಲ್ಲಿ ಪ್ರಸನ್ನ, ವಿಶಿ ಯಾಕಿಲ್ಲ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಕ್ರಿಕೆಟ್ ವಿಷಯ ಬಂದರೆ ಜಗಳ ಗ್ಯಾರಂಟಿ. ಅಣ್ಣನ ಮಗ ಮೊಬೈಲ್‌ನಲ್ಲಿ ‘ಸಾರ್ವಕಾಲಿಕ ಶ್ರೇಷ್ಠರು’ ಅಂತ ಪಟ್ಟಿ ತೋರಿಸುತ್ತಾನೆ. ಅದರಲ್ಲಿ ಸ್ಪಿನ್ನರ್ ಪ್ರಸನ್ನ ಇಲ್ಲ, ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ (ನಮ್ಮ ವಿಶಿ) ಇಲ್ಲ. ‘ವಿಶ್ವನಾಥ್ ಸರಾಸರಿ ಬರೀ 41.93 ಚಿಕ್ಕಪ್ಪ, ಬಿಟ್ಟಾಕು’ ಅನ್ನುತ್ತಾನೆ. ಇದೆಲ್ಲ ಬಿಳಿಯರ ಪಕ್ಷಪಾತ ಅಂತ ನನ್ನ ವಾದ. ನಮ್ಮಿಬ್ಬರಲ್ಲಿ ಯಾರು ಸರಿ? ನಿಮ್ಮನ್ನು ಐದು ಜನರ ಹೆಸರು ಹೇಳಿ ಅಂದರೆ ಯಾರ್‍ಯಾರನ್ನು ಹೇಳುತ್ತೀರಿ? (ದಾವಣಗೆರೆ)

ಉತ್ತರ: ಪಕ್ಷಪಾತ ಇದೆ. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅದು ಬಿಳಿಯರದ್ದು ಮಾತ್ರ ಅನ್ನುವ ನಿಮ್ಮ ವಾದ ಅರ್ಧಕ್ಕೇ ನಿಲ್ಲುತ್ತದೆ. ಪಟ್ಟಿ ಮಾಡಿದವರು ಯಾವ ಮೈದಾನದಲ್ಲಿ ಕೂತು ಆಟ ನೋಡಿದರು, ಯಾವ ಪುಸ್ತಕ ಓದಿ ಬೆಳೆದರು, ಅವರ ಮನೆಗೆ ಟಿವಿ ಯಾವಾಗ ಬಂತು, ಇದನ್ನೆಲ್ಲ ನೋಡದೆ ಪಟ್ಟಿಯನ್ನು ಒಪ್ಪುವುದೂ ತಪ್ಪು, ಬೈಯುವುದೂ ತಪ್ಪು. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುತ್ತೇನೆ, ನೋಡಿ.

ಮೊದಲನೆಯದು 2000ದ್ದು. ‘ವಿಸ್ಡನ್’ ಅನ್ನುವ ಇಂಗ್ಲೆಂಡಿನ ಕ್ರಿಕೆಟ್ ವಾರ್ಷಿಕ ಪುಸ್ತಕ 1864ರಿಂದ ಬರುತ್ತಿದೆ. ಶತಮಾನ ಮುಗಿಯುವ ಹೊತ್ತಿಗೆ ಅವರು ಬೇರೆ ಬೇರೆ ದೇಶಗಳ 100 ಜನರನ್ನು ಕೇಳಿದರು: 20ನೇ ಶತಮಾನದ ಐದು ಕ್ರಿಕೆಟಿಗರನ್ನು ಆರಿಸಿ. ಆ ನೂರು ಜನರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾದವರೇ ಬೇರೆಯವರಿಗಿಂತ ಜಾಸ್ತಿ. ಬ್ರಾಡ್ಮನ್‌ಗೆ 100 ಮತ, ಸೋಬರ್ಸ್‌ಗೆ 90, ಜ್ಯಾಕ್ ಹಾಬ್ಸ್‌ಗೆ 30, ಶೇನ್ ವಾರ್ನ್‌ಗೆ 27, ವಿವಿಯನ್ ರಿಚರ್ಡ್ಸ್‌ಗೆ 25. ಭಾರತದವರೂ ಇಲ್ಲ, ಪಾಕಿಸ್ತಾನದವರೂ ಇಲ್ಲ, ಶ್ರೀಲಂಕಾದವರೂ ಇಲ್ಲ. ಇಲ್ಲಿಗೆ ನಿಮ್ಮ ವಾದ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ?

ಎರಡನೆಯದು 2011ರದ್ದು. ಟೆಸ್ಟ್ ಕ್ರಿಕೆಟ್‌ನ 2000ನೇ ಪಂದ್ಯ ಲಾರ್ಡ್ಸ್‌ನಲ್ಲಿ ನಡೆಯುವುದಿತ್ತು, ಇಂಗ್ಲೆಂಡ್ ಮತ್ತು ಭಾರತದ ನಡುವೆ. ಅದರ ನೆನಪಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಐಸಿಸಿ ಆನ್‌ಲೈನ್‌ನಲ್ಲಿ ಜನರಿಂದಲೇ ವೋಟ್ ಹಾಕಿಸಿ ಸಾರ್ವಕಾಲಿಕ ಹನ್ನೊಂದನ್ನು ಆರಿಸಿತು. ಬಂದ ತಂಡ ಇದು: ಸೆಹ್ವಾಗ್, ಗಾವಸ್ಕರ್, ಬ್ರಾಡ್ಮನ್, ತೆಂಡೂಲ್ಕರ್, ಲಾರಾ, ಕಪಿಲ್ ದೇವ್, ಗಿಲ್‌ಕ್ರಿಸ್ಟ್, ವಾರ್ನ್, ವಾಸಿಂ ಅಕ್ರಮ್, ಆಂಬ್ರೋಸ್, ಮೆಕ್‌ಗ್ರಾ. ಹನ್ನೊಂದರಲ್ಲಿ ನಾಲ್ವರು ನಮ್ಮವರು. ಬ್ರಾಡ್ಮನ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಜನ ಟಿವಿಯಲ್ಲಿ ನೋಡಿದವರು.

ಸೋಬರ್ಸ್ ಎಲ್ಲಿ? ಇಲ್ಲ. ಹನ್ನೊಂದು ವರ್ಷದ ಹಿಂದೆ ನೂರಕ್ಕೆ ತೊಂಬತ್ತು ಮತ ತೆಗೆದುಕೊಂಡ ಮನುಷ್ಯನಿಗೆ ಹನ್ನೊಂದರ ತಂಡದಲ್ಲೇ ಜಾಗ ಇಲ್ಲ. 93 ಟೆಸ್ಟ್, 57.78 ಸರಾಸರಿಯಲ್ಲಿ 8032 ರನ್, ಜೊತೆಗೆ 235 ವಿಕೆಟ್. ವೇಗವಾಗಿಯೂ ಎಸೆಯುತ್ತಿದ್ದರು, ಎರಡು ಬಗೆಯ ಸ್ಪಿನ್ ಕೂಡ ಮಾಡುತ್ತಿದ್ದರು. ಅವರು ಕೊನೆಯ ಟೆಸ್ಟ್ ಆಡಿದ್ದು 1974ರಲ್ಲಿ, ಹಾಗಾಗಿ 2000ಕ್ಕೂ 2011ಕ್ಕೂ ನಡುವೆ ಅವರ ಆಟ ಕೆಟ್ಟುಹೋಗಲು ಸಾಧ್ಯವೇ ಇಲ್ಲ. ವೋಟ್ ಹಾಕುವವರು ಬದಲಾದರು, ಅಷ್ಟೇ. ಇಂಟರ್ನೆಟ್‌ನಲ್ಲಿ ನಮ್ಮ ಜನಸಂಖ್ಯೆ ಏನು ಮಾಡಬಲ್ಲದು ಅಂತ ಐಸಿಸಿಗೆ ಆ ಹೊತ್ತಿಗೆ ಗೊತ್ತಿರಬೇಕಿತ್ತು. ಈ ಎರಡನೇ ಪಟ್ಟಿ ಬಂದಾಗ ನಮ್ಮಲ್ಲಿ ‘ಪಕ್ಷಪಾತ’ ಅಂತ ಕೂಗಿದವರು ತೀರಾ ಕಡಿಮೆ.

ಈಗ ಪ್ರಸನ್ನ ವಿಷಯಕ್ಕೆ ಬರೋಣ. ವಿಸ್ಡನ್ 1889ರಿಂದ ಸಾಮಾನ್ಯವಾಗಿ ವರ್ಷಕ್ಕೆ ಐವರಂತೆ ‘ವರ್ಷದ ಕ್ರಿಕೆಟಿಗ’ರನ್ನು ಆರಿಸುತ್ತಾ ಬಂದಿದೆ. ಜಗತ್ತಿನ ಎಲ್ಲ ಲೇಖಕರೂ ಇದನ್ನು ದೊಡ್ಡ ಗೌರವ ಅಂತ ಬರೆಯುತ್ತಾರೆ, ಆಟಗಾರನ ಪರಿಚಯದಲ್ಲಿ ಸೇರಿಸುತ್ತಾರೆ. ಆದರೆ ಅದರ ಮುಖ್ಯ ಅಳತೆ ಏನು ಗೊತ್ತಾ? ಹಿಂದಿನ ಇಂಗ್ಲಿಷ್ ಬೇಸಿಗೆಯ ಮೇಲೆ ಆ ಆಟಗಾರನ ಪ್ರಭಾವ ಎಷ್ಟು ಅನ್ನುವುದು. ಒಬ್ಬನಿಗೆ ಒಂದೇ ಸಲ. ನಡುವೆ 2000ದಿಂದ ಮೂರ್‍ನಾಲ್ಕು ವರ್ಷ ಇಡೀ ಜಗತ್ತಿನ ಆಟ ನೋಡಿ ಆರಿಸಿದ್ದರು, ಆಮೇಲೆ ಮತ್ತೆ ಹಳೆಯ ಪದ್ಧತಿಗೆ ಹೋದರು.

ಎರಪಳ್ಳಿ ಪ್ರಸನ್ನ 1967-68ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಭಾರತ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತ ಸರಣಿ ಅದು. ಸೋಲುವ ತಂಡದ ಸ್ಪಿನ್ನರ್‌ಗೆ ಎರಡನೇ ಇನಿಂಗ್ಸ್‌ನಲ್ಲಿ ಒಡೆದ ಪಿಚ್, ಬೆನ್ನ ಹಿಂದೆ ದೊಡ್ಡ ಮೊತ್ತ, ಯಾವುದೂ ಸಿಗುವುದಿಲ್ಲ. ಆದರೂ 25 ವಿಕೆಟ್. ಅಲ್ಲಿಂದ ಸೀದಾ ನ್ಯೂಜಿಲೆಂಡ್‌ಗೆ ಹೋಗಿ ಮತ್ತೆ 24. ಅಲ್ಲಿ ಸರಣಿಯನ್ನು ಭಾರತ 3-1ರಿಂದ ಗೆದ್ದಿತು, ನಾವು ಹೊರಗೆ ಗೆದ್ದ ಮೊದಲ ಟೆಸ್ಟ್ ಸರಣಿ ಅದು. ಎಂಟು ಟೆಸ್ಟ್‌ಗೆ 49 ವಿಕೆಟ್, ಅದೂ ಆಫ್ ಸ್ಪಿನ್‌ಗೆ ಹೆದರದ ನೆಲದಲ್ಲಿ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾ? ಆದರೆ ಇದ್ಯಾವುದೂ ಇಂಗ್ಲಿಷ್ ಬೇಸಿಗೆ ಅಲ್ಲ. 1971ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರಿಗೆ ಒಂದು ಟೆಸ್ಟೂ ಸಿಗಲಿಲ್ಲ, ಉಪನಾಯಕ ವೆಂಕಟರಾಘವನ್ ಕೂಡ ಆಫ್ ಸ್ಪಿನ್ನರ್ ಆಗಿದ್ದರು. ಅದೇ ಪ್ರವಾಸದಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ತೆಗೆದರು, ಇಂಗ್ಲೆಂಡ್ 101ಕ್ಕೆ ಆಲೌಟ್, ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು. 1972ರ ವಿಸ್ಡನ್ ಐವರಲ್ಲಿ ಚಂದ್ರ ಇದ್ದಾರೆ, ನ್ಯಾಯವಾಗಿಯೇ ಇದ್ದಾರೆ. ಅದೇ ಐವರಲ್ಲಿ ಎಸೆಕ್ಸ್ ಕೌಂಟಿಯ ಬ್ರಯಾನ್ ಟೇಲರ್ ಅನ್ನುವವರೂ ಇದ್ದಾರೆ. ಅವರು ಜೀವನದಲ್ಲಿ ಒಂದು ಟೆಸ್ಟೂ ಆಡಿದವರಲ್ಲ.

ಹಾಗಾಗಿ ಆ ಸಾಲಿನಲ್ಲಿ ಟೇಲರ್ ಇದ್ದಾರೆ, ಪ್ರಸನ್ನ ಇಲ್ಲ. ವಿಶ್ವನಾಥ್ ಇಲ್ಲ. 8830 ಟೆಸ್ಟ್ ರನ್ ಹೊಡೆದ ಇಂಜಮಾಮ್ ಇಲ್ಲ. ಬಿಷನ್ ಸಿಂಗ್ ಬೇಡಿಯಂತೂ 1972ರಿಂದ 1977ರವರೆಗೆ ಇಂಗ್ಲೆಂಡಿನಲ್ಲೇ ನಾರ್ಥಾಂಪ್ಟನ್‌ಶೈರ್‌ಗೆ ಆಡಿದರು, ಅವರೂ ಇಲ್ಲ!

ಇದರಲ್ಲಿ ವಿಸ್ಡನ್ ಮೋಸ ಮಾಡಿದೆ ಅಂತ ನಾನು ಹೇಳುವುದಿಲ್ಲ. ಅದು ಇಂಗ್ಲೆಂಡಿನ ಪುಸ್ತಕ, ಇಂಗ್ಲೆಂಡಿನ ಬೇಸಿಗೆ ಅಂತ ಮುಚ್ಚಿಡದೆ ಹೇಳಿಯೇ ಆರಿಸುತ್ತದೆ. ಎಡವಟ್ಟು ಆಗಿದ್ದು ಆ ಊರಿನ ಸನ್ಮಾನವನ್ನು ನಾವು ಜಗತ್ತಿನ ಸನ್ಮಾನ ಅಂದುಕೊಂಡಿದ್ದರಿಂದ. ನಮ್ಮ ಪತ್ರಿಕೆಗಳೂ ಅದನ್ನೇ ಎತ್ತಿ ಬರೆದವು, ಮುಂದಿನ ಪಟ್ಟಿ ಮಾಡುವವರು ಆ ಪತ್ರಿಕೆಗಳನ್ನೇ ಓದಿದರು. ಲಾರ್ಡ್ಸ್‌ನಲ್ಲಿ ಹೊಡೆದ ಸೆಂಚುರಿಗೆ ಗೋಡೆ ಮೇಲೆ ಹೆಸರು ಬರೆಯುತ್ತಾರೆ, ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ತೆಗೆದ ವಿಕೆಟ್‌ಗೆ ಆ ಭಾಗ್ಯ ಇಲ್ಲ.

ವಿಶ್ವನಾಥ್ ಅವರ 41.93 ಬಗ್ಗೆ ಎರಡು ಮಾತು. 1975ರ ಜನವರಿ, ಮದ್ರಾಸಿನ ಚೆಪಾಕ್, ಎದುರಿಗೆ ವೆಸ್ಟ್ ಇಂಡೀಸ್‌ನ ವೇಗದ ಬೌಲರ್ ಆಂಡಿ ರಾಬರ್ಟ್ಸ್. ಹೆಲ್ಮೆಟ್ ಇಲ್ಲದ ಕಾಲ. ರಾಬರ್ಟ್ಸ್ 64ಕ್ಕೆ 7 ವಿಕೆಟ್ ತೆಗೆದರು, ಭಾರತ 190ಕ್ಕೆ ಮುಗಿಯಿತು, ಅದರಲ್ಲಿ ವಿಶಿ ಒಬ್ಬರದ್ದೇ ಔಟಾಗದೆ 97. ಕೊನೆಗೆ ಚಂದ್ರಶೇಖರ್ ಔಟಾದರು, ಸೆಂಚುರಿ ಆಗಲಿಲ್ಲ. (ಚಂದ್ರ ಟೆಸ್ಟ್‌ನಲ್ಲಿ ಹೊಡೆದ ಒಟ್ಟು ರನ್ 167, ತೆಗೆದ ವಿಕೆಟ್ 242. ಅವರನ್ನು ಬೈದು ಪ್ರಯೋಜನ ಇಲ್ಲ.) ಆ ಪಂದ್ಯ ಭಾರತ ಗೆದ್ದಿತು. ನಿಮ್ಮ ಹುಡುಗ ನೋಡುವ ‘ಸೆಂಚುರಿಗಳ ಸಂಖ್ಯೆ’ ಅನ್ನುವ ಕಾಲಂನಲ್ಲಿ ಈ ಇನಿಂಗ್ಸ್ ಲೆಕ್ಕಕ್ಕೇ ಬರುವುದಿಲ್ಲ. 2001ರಲ್ಲಿ ವಿಸ್ಡನ್‌ನವರೇ ಕಂಪ್ಯೂಟರ್‌ಗೆ ಲೆಕ್ಕ ಹಾಕಿ ಟೆಸ್ಟ್‌ನ ನೂರು ಅತ್ಯುತ್ತಮ ಇನಿಂಗ್ಸ್ ತೆಗೆದಾಗ ಇದು 38ನೇ ಜಾಗದಲ್ಲಿ ಬಂತು. ಅದೇ ಪಟ್ಟಿಯಲ್ಲಿ ತೆಂಡೂಲ್ಕರ್ ಅವರ ಒಂದು ಇನಿಂಗ್ಸ್ ಕೂಡ ಇರಲಿಲ್ಲ, ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ವಿಶಿ 38ನೇ ಜಾಗದಲ್ಲಿ ಬಂದ ಸುದ್ದಿ ಆ ಗಲಾಟೆಯಲ್ಲಿ ಮುಳುಗಿಹೋಯಿತು. ಸುನಿಲ್ ಗಾವಸ್ಕರ್ ತಮ್ಮ ಮಗನ ಹೆಸರಿನಲ್ಲಿ ಕನ್ಹಾಯ್, ಜೈಸಿಂಹ ಜೊತೆ ವಿಶ್ವನಾಥ್ ಹೆಸರನ್ನೂ ಸೇರಿಸಿ ರೋಹನ್ ಜೈವಿಶ್ವ ಅಂತ ಇಟ್ಟರು. ಜೊತೆಗೆ ಆಡಿದವರು ಅಳೆಯುವ ರೀತಿ ಬೇರೆ.

ಆದರೆ ಬರೀ ಮರೆತುಬಿಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ತಪ್ಪಾಗಿ ನೆನಪಿಟ್ಟುಕೊಳ್ಳುವುದು. ಇದಕ್ಕೆ ವಿನೂ ಮಂಕಡ್ ಅವರಷ್ಟು ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

1952ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು, ಮಂಕಡ್ ತಂಡದಲ್ಲಿ ಇರಲಿಲ್ಲ. ಜಾಗ ಗ್ಯಾರಂಟಿ ಕೊಡಿ ಅಂತ ಬೋರ್ಡನ್ನು ಕೇಳಿದ್ದರು, ಬೋರ್ಡ್ ಕೊಡಲಿಲ್ಲ, ಅವರು ಲ್ಯಾಂಕಶೈರ್ ಲೀಗ್‌ನಲ್ಲಿ ಹ್ಯಾಸ್ಲಿಂಗ್ಡನ್ ಕ್ಲಬ್ ಜೊತೆ ಸಂಬಳಕ್ಕೆ ಆಡಲು ಒಪ್ಪಿಕೊಂಡಿದ್ದರು. ಮೊದಲ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಭಾರತ ಸೊನ್ನೆ ರನ್‌ಗೆ ನಾಲ್ಕು ವಿಕೆಟ್ ಕಳೆದುಕೊಂಡಿತು. ಆಮೇಲೆ ಓಡಿಹೋಗಿ ಕ್ಲಬ್‌ನವರ ಹತ್ತಿರ ಮಾತಾಡಿ ಮಂಕಡ್‌ರನ್ನು ಕರೆಸಿದರು. ಲಾರ್ಡ್ಸ್‌ಗೆ ಬಂದರು. ಓಪನಿಂಗ್ ಇಳಿದು 72. ನಂತರ 73 ಓವರ್ ಎಸೆದು 196ಕ್ಕೆ 5 ವಿಕೆಟ್. ಎಸೆದ ದಣಿವು ಆರುವ ಮೊದಲೇ ಮತ್ತೆ ಓಪನಿಂಗ್ ಇಳಿದು 184. ಇಂಗ್ಲೆಂಡ್ ಗೆಲ್ಲಲು ಬೇಕಿದ್ದ ಸಣ್ಣ ಮೊತ್ತ ಹೊಡೆಯುವಾಗಲೂ ಚೆಂಡು ಅವರ ಕೈಯಲ್ಲೇ, ಇನ್ನೂ 24 ಓವರ್. ಒಂದೇ ಟೆಸ್ಟ್‌ನಲ್ಲಿ 256 ರನ್, 97 ಓವರ್. ಭಾರತ ಎಂಟು ವಿಕೆಟ್‌ನಿಂದ ಸೋತಿತು, ಆದರೂ ಅದನ್ನು ಜನ ಮಂಕಡ್ ಟೆಸ್ಟ್ ಅಂತಲೇ ಕರೆದರು. ಲಾರ್ಡ್ಸ್‌ನ ಬ್ಯಾಟಿಂಗ್ ಬೋರ್ಡ್, ಬೌಲಿಂಗ್ ಬೋರ್ಡ್ ಎರಡರಲ್ಲೂ ಅವರ ಹೆಸರಿದೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಅದೇ 1952ರಲ್ಲಿ ಮದ್ರಾಸಿನಲ್ಲಿ, ಇಂಗ್ಲೆಂಡ್ ವಿರುದ್ಧವೇ 55ಕ್ಕೆ 8, 53ಕ್ಕೆ 4 ತೆಗೆದು ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟಿದ್ದರು. 1956ರಲ್ಲಿ ಪಂಕಜ್ ರಾಯ್ ಜೊತೆ ಮೊದಲ ವಿಕೆಟ್‌ಗೆ 413 ರನ್. 23 ಟೆಸ್ಟ್‌ನಲ್ಲೇ ಸಾವಿರ ರನ್, ನೂರು ವಿಕೆಟ್.

ಇಷ್ಟೆಲ್ಲ ಮಾಡಿದವರ ಹೆಸರನ್ನು ಕ್ರಿಕೆಟ್ ಜಗತ್ತು ಯಾವುದಕ್ಕೆ ಇಟ್ಟಿತು? ಬೌಲಿಂಗ್ ಕಡೆಯ ಬ್ಯಾಟ್ಸ್‌ಮನ್ ಚೆಂಡು ಬಿಡುವ ಮೊದಲೇ ಗೆರೆ ದಾಟಿದರೆ ರನೌಟ್ ಮಾಡುವುದಕ್ಕೆ. 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಬಿಲ್ ಬ್ರೌನ್‌ರನ್ನು ಹಾಗೆ ಔಟ್ ಮಾಡಿದ್ದರು. ಅದೇ ಪ್ರವಾಸದ ಹಿಂದಿನ ಒಂದು ಪಂದ್ಯದಲ್ಲಿ ಅದೇ ಬ್ರೌನ್‌ಗೆ ಮೊದಲು ಎಚ್ಚರಿಕೆ ಕೊಟ್ಟು, ಆಮೇಲೆ ಔಟ್ ಮಾಡಿದ್ದರು. ನಿಯಮದಲ್ಲಿ ಅದಕ್ಕೆ ಅವಕಾಶ ಇತ್ತು. ಎದುರಾಳಿ ನಾಯಕ ಬ್ರಾಡ್ಮನ್ ತಮ್ಮ ಆತ್ಮಕಥೆಯಲ್ಲಿ ಮಂಕಡ್ ಪರವಾಗಿಯೇ ಬರೆದರು. ಆದರೂ ಪತ್ರಿಕೆಗಳು ಅಂಟಿಸಿದ ‘ಮಂಕಡಿಂಗ್’ ಅನ್ನುವ ಮಾತು ಬಿಡಲಿಲ್ಲ, ಎಪ್ಪತ್ತು ವರ್ಷ ಅದು ಮೋಸಕ್ಕೆ ಇನ್ನೊಂದು ಹೆಸರು ಅನ್ನುವ ಹಾಗೆ ಉಳಿಯಿತು.

ಈಗ ಇದರ ಪಕ್ಕದಲ್ಲಿ ಇಂಗ್ಲೆಂಡಿನ ಡಬ್ಲ್ಯು.ಜಿ. ಗ್ರೇಸ್ ಅವರನ್ನು ಇಟ್ಟು ನೋಡಿ. 1882ರ ಓವಲ್ ಟೆಸ್ಟ್. ಆಸ್ಟ್ರೇಲಿಯಾದ ಸ್ಯಾಮಿ ಜೋನ್ಸ್ ರನ್ ಮುಗಿಸಿ, ಪಿಚ್ ತಟ್ಟಲು ಕ್ರೀಸ್ ಬಿಟ್ಟು ಆಚೆ ಹೋದ ಹುಡುಗ. ಗ್ರೇಸ್ ಚೆಂಡು ಕೈಯಲ್ಲಿ ಇಟ್ಟುಕೊಂಡಿದ್ದರು, ಬೇಲ್ಸ್ ಎಗರಿಸಿ ಅಪೀಲ್ ಮಾಡಿದರು, ಔಟ್. ಆ ಸಿಟ್ಟಿಗೆ ಆಸ್ಟ್ರೇಲಿಯಾದ ಬೌಲರ್ ಸ್ಪಾಫರ್ತ್ ಇಂಗ್ಲೆಂಡನ್ನು ಉರುಳಿಸಿದರು, ಆಸ್ಟ್ರೇಲಿಯಾ ಏಳು ರನ್‌ನಿಂದ ಗೆದ್ದಿತು, ಈ ಎರಡು ದೇಶಗಳ ನಡುವಿನ ಆಶಸ್ ಸರಣಿಯ ಕಥೆ ಹುಟ್ಟಿದ್ದೇ ಅಲ್ಲಿಂದ. ಮಂಕಡ್ ಔಟ್ ಮಾಡಿದ್ದು ರನ್ ಕದಿಯಲು ಮುಂದೆ ಹೊರಟವನನ್ನು. ಗ್ರೇಸ್ ಔಟ್ ಮಾಡಿದ್ದು ಮಣ್ಣು ತಟ್ಟಲು ಹೋದವನನ್ನು. ಎರಡರಲ್ಲಿ ಯಾವುದು ಜಾಸ್ತಿ ಕೊಳಕು ಅಂತ ನೀವೇ ಹೇಳಿ. ‘ಗ್ರೇಸಿಂಗ್’ ಅನ್ನುವ ಬೈಗುಳ ಕೇಳಿದ್ದೀರಾ? ಲಾರ್ಡ್ಸ್‌ಗೆ ಹೋದರೆ ದೊಡ್ಡ ಗೇಟಿಗೇ ಗ್ರೇಸ್ ಹೆಸರಿದೆ, ‘ಮಹಾನ್ ಕ್ರಿಕೆಟಿಗ’ ಅಂತ ಕೆತ್ತಿದ್ದಾರೆ. ಗ್ರೇಸ್ ಅವರ ಕುತಂತ್ರಗಳೆಲ್ಲ ತುಂಟತನ ಅನ್ನುವ ಲೆಕ್ಕಕ್ಕೆ ಹೋದವು. 2022ರಲ್ಲಿ ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿ ಕ್ಲಬ್, ಮಂಕಡ್ ಮಾಡಿದಂಥ ಔಟನ್ನು ‘ಅನುಚಿತ ಆಟ’ದ ನಿಯಮದಿಂದ ತೆಗೆದು ಸಾದಾ ರನೌಟ್ ನಿಯಮಕ್ಕೆ ಸೇರಿಸಿತು. ಅದರ ಹಿಂದಿನ ವರ್ಷ ಐಸಿಸಿ ಮಂಕಡ್‌ರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತ್ತು. ಅವರು ತೀರಿಕೊಂಡು ನಾಲ್ಕು ದಶಕ ಆಗಿತ್ತು.

ಇದೇ ರೀತಿಯವು ಇನ್ನೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. 1992ರಲ್ಲಿ ಪಾಕಿಸ್ತಾನದ ವಾಸಿಂ, ವಕಾರ್ ಹಳೆಯ ಚೆಂಡನ್ನು ಒಳಗೆ ತಿರುಗಿಸಿ ಇಂಗ್ಲೆಂಡನ್ನು ಕೆಡವಿದಾಗ ಅಲ್ಲಿನ ಪತ್ರಿಕೆಗಳು ಚೆಂಡು ಕೆರೆಯುತ್ತಾರೆ ಅಂತ ಅನುಮಾನಪಟ್ಟವು. 2005ರ ಆಶಸ್‌ನಲ್ಲಿ ಫ್ಲಿಂಟಾಫ್, ಸೈಮನ್ ಜೋನ್ಸ್ ಅದನ್ನೇ ಮಾಡಿದಾಗ ‘ರಿವರ್ಸ್ ಸ್ವಿಂಗ್ ಕಲೆ’ ಅಂತ ಬರೆದವು. ಶ್ರೀಲಂಕಾದ ಮುರಳೀಧರನ್‌ಗೆ 1995ರ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ, ಮೊಣಕೈ ಮಡಚಿ ಎಸೆಯುತ್ತಾರೆ ಅಂತ ಅಂಪೈರ್ ಏಳು ಸಲ ನೋಬಾಲ್ ಕೊಟ್ಟರು. ನಂತರ ಪ್ರಯೋಗಾಲಯದಲ್ಲಿ ಪರೀಕ್ಷೆ ಮೇಲೆ ಪರೀಕ್ಷೆ. ಕ್ಯಾಮೆರಾ ಇಟ್ಟು ಎಲ್ಲರನ್ನೂ ಅಳೆದಾಗ ಬಹುತೇಕ ಎಲ್ಲ ಬೌಲರ್‌ಗಳ ಮೊಣಕೈಯೂ ಸ್ವಲ್ಪ ನೆಟ್ಟಗಾಗುತ್ತದೆ ಅಂತ ಗೊತ್ತಾಯಿತು, ಅದಕ್ಕೇ 15 ಡಿಗ್ರಿವರೆಗೆ ಪರವಾಗಿಲ್ಲ ಅನ್ನುವ ನಿಯಮ ಬಂತು. ಆದರೆ 800 ವಿಕೆಟ್ ಅಂದ ಕೂಡಲೇ ‘ಆದರೆ ಅವನ ಆಕ್ಷನ್...’ ಅನ್ನುವ ಬಾಲ ಇನ್ನೂ ಬರುತ್ತದೆ. ಪಿಚ್ ವಿಷಯವೂ ಹಾಗೇ: ಚೆಂಡು ಮೊದಲ ದಿನ ತಿರುಗಿದರೆ ಹಾಳು ಪಿಚ್, ಮೊದಲ ದಿನ ಸೀಮ್ ಆದರೆ ಬ್ಯಾಟ್ಸ್‌ಮನ್‌ಗೆ ಸವಾಲು. 2024ರ ಜನವರಿಯಲ್ಲಿ ಕೇಪ್‌ಟೌನ್ ಟೆಸ್ಟ್ 642 ಎಸೆತಕ್ಕೆ ಮುಗಿಯಿತು, ಫಲಿತಾಂಶ ಬಂದ ಟೆಸ್ಟ್‌ಗಳಲ್ಲೇ ಅತಿ ಚಿಕ್ಕದು. ಐಸಿಸಿ ಆ ಪಿಚ್ಚನ್ನು ಅತೃಪ್ತಿಕರ ಅಂದಿತು, ನಿಜ. ಆದರೆ ಅಹಮದಾಬಾದ್ ಟೆಸ್ಟ್ 2021ರಲ್ಲಿ ಎರಡು ದಿನಕ್ಕೆ ಮುಗಿದಾಗ ಎದ್ದ ಕೂಗು ಆಗ ನನ್ನ ಕಿವಿಗಂತೂ ಬೀಳಲಿಲ್ಲ.

ಇಷ್ಟು ಓದಿ ಅಣ್ಣನ ಮಗನನ್ನು ಕರೆಯಬೇಡಿ, ಇನ್ನು ನಮ್ಮ ಮನೆ ಕಥೆ ಇದೆ.

ಪಲ್ವಂಕರ್ ಬಾಳೂ ಹೆಸರು ಕೇಳಿದ್ದೀರಾ? ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್‌ನಲ್ಲಿ ಪಿಚ್ ಉರುಳಿಸುವುದು, ಬಲೆ ಕಟ್ಟುವುದು ಅವರ ಕೆಲಸ. ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡು ಎಸೆಯಲು ಹೇಳುತ್ತಿದ್ದರು, ಬ್ಯಾಟ್ ಕೊಡುತ್ತಿರಲಿಲ್ಲ. ಹಾಗೆ ಎಸೆದು ಎಸೆದೇ ಎಡಗೈ ಸ್ಪಿನ್ ಪಳಗಿತು. ಪುಣೆಯ ಹಿಂದೂಗಳ ಕ್ಲಬ್‌ಗೆ ಯುರೋಪಿಯನ್ನರನ್ನು ಸೋಲಿಸುವ ಆಸೆ, ಆದರೆ ಈತನನ್ನು ಸೇರಿಸಿಕೊಳ್ಳಲು ಮಡಿ ಅಡ್ಡ ಬಂತು. ಕೊನೆಗೆ ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಅವರು ಮುಟ್ಟಿದ ಚೆಂಡನ್ನು ಮುಟ್ಟುತ್ತಿದ್ದರು. ಟೀ ಹೊತ್ತಿಗೆ ಅವರಿಗೆ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟವೂ ಬೇರೆ.

1911ರಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್. ತಂಡ ಜಾಸ್ತಿ ಪಂದ್ಯ ಸೋತಿತು, ಬಾಳೂ ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ಆದರೂ ಧರ್ಮದ ಲೆಕ್ಕದಲ್ಲಿ ತಂಡ ಕಟ್ಟಿ ಆಡುತ್ತಿದ್ದ ಬೊಂಬಾಯಿಯ ದೊಡ್ಡ ಟೂರ್ನಿಯಲ್ಲಿ ಹಿಂದೂ ತಂಡಕ್ಕೆ ಅವರನ್ನು ಯಾವತ್ತೂ ಕ್ಯಾಪ್ಟನ್ ಮಾಡಲಿಲ್ಲ. 1920ರಲ್ಲಿ ಇದೇ ವಿಷಯಕ್ಕೆ ಸಿಟ್ಟಾಗಿ ಅವರ ತಮ್ಮಂದಿರು ವಿಠ್ಠಲ್, ಶಿವರಾಮ್ ಆಡುವುದಿಲ್ಲ ಅಂತ ಹೊರಗೆ ಕೂತರು. ಬಾಳೂ ಉಪನಾಯಕ ಅಂತ ರಾಜಿ ಆಯಿತು. ಒಂದು ಹೊತ್ತು ನಾಯಕ ಪೈ ಮೈದಾನದಿಂದ ಹೊರಗೆ ಹೋಗಿ ಬಾಳೂ ಕೈಗೆ ತಂಡ ಕೊಟ್ಟರು. ವಿಠ್ಠಲ್ 1923ರಲ್ಲಿ ಪೂರ್ಣ ನಾಯಕರಾದರು, ಹಿಂದೂಗಳು ಕಪ್ ಗೆದ್ದರು. ಅಂಬೇಡ್ಕರ್ ಯುವಕರಾಗಿದ್ದಾಗ ಬಾಳೂ ಅವರ ದೊಡ್ಡ ಹೀರೋ. ಮುಂದೆ 1937ರ ಚುನಾವಣೆಯಲ್ಲಿ ಇಬ್ಬರೂ ಎದುರುಬದುರಾದರು, ಬಾಳೂ ಸೋತರು. ಅದು ಬೇರೆಯದೇ ಕಥೆ.

ಈಗ ನಮ್ಮ ದೇಶದ ಟ್ರೋಫಿಗಳ ಹೆಸರು ನೋಡಿ. 1934ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಯಿತು. ಮೊದಲ ಪಂದ್ಯ ಚೆಪಾಕ್‌ನಲ್ಲಿ ಮದ್ರಾಸ್ ಮತ್ತು ನಮ್ಮ ಮೈಸೂರಿನ ನಡುವೆ, ಒಂದೇ ದಿನಕ್ಕೆ ಮುಗಿದುಹೋಯಿತು. ಅದಕ್ಕೆ ಕಪ್ ಕೊಟ್ಟವರು ಅದೇ ಪಟಿಯಾಲ ಮಹಾರಾಜರು. ಹೆಸರು ರಣಜಿ. ನವಾನಗರದ ಜಾಮ್ ಸಾಹೇಬ್ ರಣಜಿತ್‌ಸಿಂಹಜಿ ಆಡಿದ 15 ಟೆಸ್ಟೂ ಇಂಗ್ಲೆಂಡ್ ಪರವಾಗಿ. ಅವರ ಬ್ಯಾಟಿಂಗ್ ದೊಡ್ಡದೇ, 1896ರಲ್ಲಿ ಮೊದಲ ಟೆಸ್ಟ್‌ನಲ್ಲೇ ಔಟಾಗದೆ 154. ಆದರೆ ಭಾರತದ ಕ್ರಿಕೆಟ್‌ಗೆ ಅವರು ಮಾಡಿದ್ದೇನು ಅಂತ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಆಮೇಲೆ ಬಂದ ಇನ್ನೊಂದು ದೊಡ್ಡ ಟ್ರೋಫಿಗೆ ಅವರ ಸಹೋದರನ ಮಗ ದುಲೀಪ್ ಹೆಸರು. ಅವರ 12 ಟೆಸ್ಟೂ ಇಂಗ್ಲೆಂಡ್ ಪರವಾಗಿಯೇ. ಧಾರವಾಡದಲ್ಲಿ ಹುಟ್ಟಿ, ಭಾರತ ಅಂತ ಹೆಸರಿಟ್ಟುಕೊಂಡು ಹೋದ ಮೊದಲ ದೊಡ್ಡ ತಂಡಕ್ಕೆ 114 ವಿಕೆಟ್ ಕೊಟ್ಟ ಬಾಳೂ ಹೆಸರು ದೇಶದ ದೊಡ್ಡ ಟೂರ್ನಿಗಳಲ್ಲಿ ಒಂದಕ್ಕೂ ಇಲ್ಲ. ಇದನ್ನು ಯಾವ ಬಿಳಿಯ ಮಾಡಿದ ಹೇಳಿ? ಹೆಸರಿಟ್ಟವರು ನಾವೇ. ಇಂಗ್ಲೆಂಡಿನ ಲಾರ್ಡ್ ಹ್ಯಾರಿಸ್ ರಣಜಿಯನ್ನು ಟೆಸ್ಟ್ ತಂಡಕ್ಕೆ ಸೇರಿಸಲು ಒಪ್ಪಲಿಲ್ಲ ಅನ್ನುವ ಕಥೆ ನಮಗೆಲ್ಲ ಬಾಯಿಪಾಠ, ಮಣ್ಣಿನ ಕುಡಿಕೆಯ ವಿಷಯ ಮಾತ್ರ ಗೊತ್ತಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಸಲೀಸಾಗಿ ಮರೆಯುತ್ತೇವೆ. ಒಂದು ದಿನದ ಪಂದ್ಯದಲ್ಲಿ ಮೊದಲ ಡಬಲ್ ಸೆಂಚುರಿ ಯಾರದ್ದು ಅಂತ ಅಣ್ಣನ ಮಗನನ್ನು ಕೇಳಿ. ತೆಂಡೂಲ್ಕರ್, ಗ್ವಾಲಿಯರ್, 2010 ಅನ್ನುತ್ತಾನೆ. ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರಲ್ಲೇ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ಹೊಡೆದಿದ್ದರು. ಎಲ್ಲಿ? ಮುಂಬೈಯಲ್ಲಿ! ತೆಂಡೂಲ್ಕರ್ ಊರಿನಲ್ಲೇ ಆಡಿದ ಆಟ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಬೆಂಗಳೂರಿನಲ್ಲಿ, ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಭಾರತದ ಮಹಿಳೆಯರಲ್ಲಿ ಮೊದಲ ಟೆಸ್ಟ್ ಸೆಂಚುರಿ ಕೂಡ ಅವರದ್ದೇ, 1977ರಲ್ಲಿ ಡ್ಯುನೆಡಿನ್‌ನಲ್ಲಿ 108. ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ ಹೋಗಿ ಆಡುತ್ತಿದ್ದ ದಿನಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಪ್ರಸನ್ನ, ವಿಶ್ವನಾಥ್ ಇಬ್ಬರೂ ಇದ್ದಾರೆ, ಶಾಂತಾ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಸುಮ್ನೆ ತೋರಿಸಿದೆ.

ಕೊನೆಗೆ ಆ ಐದು ಹೆಸರು. ತಪ್ಪಿಸಿಕೊಳ್ಳುವುದಿಲ್ಲ. ಬ್ರಾಡ್ಮನ್, ಸೋಬರ್ಸ್: ಇವರಿಬ್ಬರನ್ನು ಯಾರು ಪಟ್ಟಿ ಮಾಡಿದರೂ ಬಿಡಬಾರದು. ಮೂರನೆಯದು ಇಂಗ್ಲೆಂಡಿನ ಸಿಡ್ನಿ ಬಾರ್ನ್ಸ್, 27 ಟೆಸ್ಟ್‌ನಲ್ಲಿ 189 ವಿಕೆಟ್. ಪ್ರಸನ್ನ ಅವರ ವಿಕೆಟ್ ಕೂಡ ಸರಿಯಾಗಿ 189, ಆದರೆ 49 ಟೆಸ್ಟ್‌ನಲ್ಲಿ. ಬಾರ್ನ್ಸ್ ನಮ್ಮವರಲ್ಲ ಅಂತ ಕೈಬಿಟ್ಟರೆ ನಾನೂ ವಿಸ್ಡನ್ ಕೆಲಸವನ್ನೇ ಮಾಡಿದ ಹಾಗೆ. ನಾಲ್ಕನೆಯದು ಮುರಳೀಧರನ್, ಬಾಲ ಇಲ್ಲದೆ. ಐದನೆಯದು ವೆಸ್ಟ್ ಇಂಡೀಸ್‌ನ ಜಾರ್ಜ್ ಹೆಡ್ಲಿ. 22 ಟೆಸ್ಟ್, 10 ಸೆಂಚುರಿ, ಸರಾಸರಿ 60.83, ಅದೂ ತಂಡದ ಭಾರ ಒಬ್ಬರೇ ಹೊತ್ತ ಕಾಲದಲ್ಲಿ. ಅವರನ್ನು ‘ಕಪ್ಪು ಬ್ರಾಡ್ಮನ್’ ಅಂತ ಹೊಗಳುತ್ತಿದ್ದರು. ಜಮೈಕಾ ಕಡೆಯ ಜನ ಬ್ರಾಡ್ಮನ್‌ರನ್ನೇ ‘ಬಿಳಿ ಹೆಡ್ಲಿ’ ಅನ್ನುತ್ತಿದ್ದರಂತೆ. ನಾಯಕತ್ವ ಅವರಿಗೆ ಸಿಕ್ಕಿದ್ದು ಒಂದೇ ಟೆಸ್ಟ್‌ಗೆ, 1948ರಲ್ಲಿ.

ಐವರಲ್ಲಿ ಭಾರತದವರು ಒಬ್ಬರೂ ಇಲ್ಲ ಅಂತ ನಿಮಗೆ ಸಿಟ್ಟು ಬರಬಹುದು, ಹುಡುಗ ನಗಬಹುದು. ಆರನೇ ಹೆಸರು ಕೇಳಿದ್ದರೆ ಮಂಕಡ್ ಅನ್ನುತ್ತಿದ್ದೆ. ಬಾಳೂ ಟೆಸ್ಟ್ ಆಡಿಲ್ಲ, ಆಗ ನಮಗೆ ಟೆಸ್ಟೇ ಇರಲಿಲ್ಲ, ಹಾಗಾಗಿ ಯಾವ ಪಟ್ಟಿಯ ಕಾಲಂಗೂ ಅವರು ಹೊಂದುವುದಿಲ್ಲ. ಪ್ರಸನ್ನ ಐವರಲ್ಲಿ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಆಫ್ ಸ್ಪಿನ್ನರ್‌ಗಳ ಪಟ್ಟಿ ಮಾಡಿ ಅವರನ್ನು ಬಿಟ್ಟರೆ ಆ ಪಟ್ಟಿ ಮಾಡಿದವನಿಗೆ 1967-68ರ ಆ ಎಂಟು ಟೆಸ್ಟ್‌ಗಳ ಸ್ಕೋರ್‌ಕಾರ್ಡ್ ಕಳಿಸಿ. ಮೊಬೈಲ್‌ನಲ್ಲೇ ಸಿಗುತ್ತವೆ, ಅಣ್ಣನ ಮಗನಿಗೆ ಹೇಳಿದರೆ ಹುಡುಕಿಕೊಡುತ್ತಾನೆ.